ಮೌನಂ ಸಮ್ಮತಿ ಲಕ್ಷಣವೇ?

ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಹೌಸಿಂಗ್ ಸೊಸೈಟಿಯ ಮಹಾಸಭೆಯವರೆಗೆ ನಮ್ಮಲ್ಲಿ ಒಂದು ಮಾತು ಚಲಾವಣೆಯಲ್ಲಿದೆ: ಮೌನಂ ಸಮ್ಮತಿ ಲಕ್ಷಣಂ. ಹುಡುಗಿ ತಲೆ ತಗ್ಗಿಸಿ ಕೂತರೆ ಒಪ್ಪಿದಳು ಅಂತ ಅರ್ಥ. ಸಭೆಯಲ್ಲಿ ಯಾರೂ ಕೈ ಎತ್ತದಿದ್ದರೆ ಠರಾವು ಸರ್ವಾನುಮತದಿಂದ ಪಾಸು. ಕೇಳುವವರಿಗೆ ಬಹಳ ಅನುಕೂಲದ ಮಾತು ಇದು. ಬಾಯಿ ಮುಚ್ಚಿ ಕೂತವರ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ವಿಚಾರಿಸಬೇಕಾಗಿಲ್ಲ.

ಈ ಮಾತನ್ನು ಒಂದು ಇಡೀ ದೇಶಕ್ಕೆ ಅನ್ವಯಿಸಿದರೆ ಏನಾಗುತ್ತದೆ? ಉತ್ತರ ನಮ್ಮ ದೇಶದ ಇತಿಹಾಸದಲ್ಲೇ ಇದೆ. 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗೆ, ಹತ್ತಿರ ಹತ್ತಿರ 21 ತಿಂಗಳು, ಸುಮಾರು 60 ಕೋಟಿ ಜನರ ಈ ದೇಶ ಹೆಚ್ಚು ಕಡಿಮೆ ಸುಮ್ಮನಿತ್ತು. ಅದಕ್ಕೆ ತುರ್ತು ಪರಿಸ್ಥಿತಿ ಎಂದು ಹೆಸರು.

ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಕಥೆ ಇದು. ನಾನು ಓದುತ್ತಿರುವುದು ಕಾಮರ್ಸ್, ಇತಿಹಾಸವಲ್ಲ. ಆದರೂ ಬರೆಯಲು ಕೂತದ್ದಕ್ಕೆ ಕಾರಣ ಇದೆ. ನನ್ನ ವಯಸ್ಸಿನವರು ಈ ವಿಷಯ ಬಂದಾಗ ಎರಡೇ ಮಾತು ಆಡುವುದನ್ನು ಕೇಳಿದ್ದೇನೆ. ಒಂದು, “ಆಗ ಜನರೆಲ್ಲ ಸಿಡಿದೆದ್ದರು.” ಎರಡು, “ಜನ ಅಂದರೆ ಕುರಿಗಳು, ಆಗಲೂ ಸುಮ್ಮನಿದ್ದರು, ಈಗಲೂ ಸುಮ್ಮನಿರುತ್ತಾರೆ.” ಎರಡೂ ಸುಲಭದ ಮಾತುಗಳು. ನಿಜಸ್ಥಿತಿ ಇವೆರಡರ ನಡುವೆ ಎಲ್ಲೋ ಇದೆ, ಮತ್ತು ಅದು ನಮ್ಮ ಮನೆಯೊಳಗೂ ಇದೆ.

ಇಬ್ಭಾಗವಾದ ದೇಶ

ಮೊದಲು ನಾಯಕಿಯ ವಿಷಯ. ಇಂದಿರಾ ಗಾಂಧಿ 1966ರಲ್ಲಿ ಪ್ರಧಾನಿಯಾದಾಗ ಪಕ್ಷದ ಹಿರಿಯರು ಆಕೆ ತಾವು ಹೇಳಿದಂತೆ ಕೇಳುತ್ತಾರೆ ಎಂದೇ ನಂಬಿದ್ದರು. ಮೂರೇ ವರ್ಷದಲ್ಲಿ ಆ ನಂಬಿಕೆ ಒಡೆಯಿತು. 1969ರ ಜುಲೈಯಲ್ಲಿ ಬೆಂಗಳೂರು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿತ್ತು. ಆಗ ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಬಿರುಕು ಅಲ್ಲಿ ಎಲ್ಲರಿಗೂ ಕಾಣಿಸಿತು. ಅದೇ ತಿಂಗಳ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅವುಗಳಲ್ಲಿ ಎರಡು, ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕು, ನಮ್ಮ ಕರಾವಳಿಯಲ್ಲಿ ಹುಟ್ಟಿದವು. ನವೆಂಬರಿನಲ್ಲಿ ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಪಕ್ಷ ಎರಡಾಯಿತು.

1971ರಲ್ಲಿ ‘ಗರೀಬಿ ಹಟಾವೋ’ ಎಂದು ಹೋಗಿ 352 ಸ್ಥಾನ ಗೆದ್ದರು. ಆ ವರ್ಷದ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಯುದ್ಧವನ್ನೂ ಗೆದ್ದರು. ಆಮೇಲೆ ಬರ ಬಂತು, 1973ರಲ್ಲಿ ಎಣ್ಣೆಯ ಬೆಲೆ ಏರಿತು, ಅಕ್ಕಿ ಗೋಧಿ ಸೀಮೆಎಣ್ಣೆ ಯಾವುದೂ ಕೈಗೆ ಎಟುಕದಾಯಿತು.

ಇಂಥ ನಾಯಕರ ಒಂದು ಲಕ್ಷಣ ಇದೆ. ಅವರ ಬಗ್ಗೆ ಯಾರೂ ‘ಪರವಾಗಿಲ್ಲ’ ಎನ್ನುವುದಿಲ್ಲ. ಒಂದೋ ತಾಯಿ, ಇಲ್ಲವೇ ಸರ್ವಾಧಿಕಾರಿ. ಪಕ್ಷದ ಅಧ್ಯಕ್ಷರಾಗಿದ್ದ ದೇವಕಾಂತ ಬರೂವಾ ಇಂದಿರಾ ಎಂದರೆ ಇಂಡಿಯಾ, ಇಂಡಿಯಾ ಎಂದರೆ ಇಂದಿರಾ ಎಂದುಬಿಟ್ಟರು. ಈ ಸಮೀಕರಣವನ್ನು ಒಪ್ಪಿದರೆ ಆಕೆಯ ಸರಕಾರವನ್ನು ವಿರೋಧಿಸುವವನು ದೇಶವನ್ನೇ ವಿರೋಧಿಸಿದಂತೆ. ಎರಡು ಕಡೆಯವರೂ ಇಷ್ಟು ಗಟ್ಟಿಯಾಗಿ ಕೂಗತೊಡಗಿದಾಗ ನಡುವೆ ನಿಂತವನು ಏನು ಮಾಡುತ್ತಾನೆ? ಬಾಗಿಲು ಹಾಕಿಕೊಳ್ಳುತ್ತಾನೆ. ಉದಾಸೀನ ಎಂದು ನಾವು ಕರೆಯುವುದರ ಮೊದಲ ಬೇರು ಇಲ್ಲೇ ಇದೆ.

ಊಟದ ಬಿಲ್ಲಿನಿಂದ ಎದ್ದ ಚಳವಳಿ

ಆದರೆ ತುರ್ತು ಪರಿಸ್ಥಿತಿಗೆ ಮುಂಚೆ ದೇಶ ಸುಮ್ಮನಿರಲಿಲ್ಲ. ನಮ್ಮ ಮುಂಬಯಿಯಲ್ಲೇ 1972–73ರ ಹೊತ್ತಿಗೆ ಬೆಲೆಯೇರಿಕೆಯ ವಿರುದ್ಧ ಹೆಂಗಸರು ಲಟ್ಟಣಿಗೆ ಹಿಡಿದು, ತಾಟು ಬಡಿಯುತ್ತ ಬೀದಿಗೆ ಬಂದರು. ಸಮಾಜವಾದಿ ಮೃಣಾಲ್ ಗೋರೆ, ಮಾರ್ಕ್ಸ್‌ವಾದಿ ಅಹಿಲ್ಯಾ ರಾಂಗಣೇಕರ್ ಇಂಥವರು ಮುಂದೆ ನಿಂತಿದ್ದರು. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಮೆಸ್ ಬಿಲ್ಲು ಏರಿತು. ಹುಡುಗರು ಗಲಾಟೆ ಮಾಡಿದರು. ಅದೇ ಗಲಾಟೆ ನವನಿರ್ಮಾಣ ಚಳವಳಿಯಾಗಿ ಬೆಳೆದು 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರ ಕುರ್ಚಿಯನ್ನೇ ತೆಗೆಯಿತು. ಮಾರ್ಚಿಯಲ್ಲಿ ಬಿಹಾರದ ವಿದ್ಯಾರ್ಥಿಗಳು ಎದ್ದರು, ಜಯಪ್ರಕಾಶ ನಾರಾಯಣರು ಅವರ ನಾಯಕತ್ವ ವಹಿಸಿದರು. ಮೇ ತಿಂಗಳಲ್ಲಿ ಮಂಗಳೂರಿನ ಮಗ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ರೈಲ್ವೆ ನೌಕರರು ಸುಮಾರು ಮೂರು ವಾರ ಮುಷ್ಕರ ಹೂಡಿದರು. ಸರಕಾರ ಅದನ್ನು ಕೈದು ಮಾಡಿಯೇ ಮುರಿಯಿತು.

ಇಲ್ಲಿ ಗಮನಿಸಬೇಕಾದ್ದು: ಯಾವ ಚಳವಳಿಯೂ ಸಿದ್ಧಾಂತದ ಪುಸ್ತಕದಿಂದ ಹುಟ್ಟಲಿಲ್ಲ. ಊಟದ ಬಿಲ್ಲು, ಸೀಮೆಎಣ್ಣೆ, ಸಂಬಳ — ಇವುಗಳಿಂದ ಹುಟ್ಟಿದವು. ಹೊಟ್ಟೆಯ ಮಾತು ಮೊದಲು, ಸಂವಿಧಾನದ ಮಾತು ಆಮೇಲೆ. ಇದನ್ನು ನೆನಪಿಟ್ಟರೆ ಮುಂದಿನ ಮೌನವೂ ಅರ್ಥವಾಗುತ್ತದೆ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರ 1971ರ ಆಯ್ಕೆಯನ್ನು ಅಸಿಂಧು ಎಂದರು. ಸರಕಾರಿ ನೌಕರರನ್ನು ಚುನಾವಣೆಯ ಕೆಲಸಕ್ಕೆ ಬಳಸಿಕೊಂಡದ್ದು ಮುಖ್ಯ ತಪ್ಪು. ದೂರು ಕೊಟ್ಟವರು ಸೋತ ಅಭ್ಯರ್ಥಿ ರಾಜ್‌ನಾರಾಯಣ್. 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು: ಪ್ರಧಾನಿಯಾಗಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ. 25ರ ಸಂಜೆ ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಜೆ.ಪಿ.ಯವರ ದೊಡ್ಡ ಸಭೆ. ಅದೇ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದರು. ದಿಲ್ಲಿಯ ಪತ್ರಿಕಾ ಕಚೇರಿಗಳ ಕರೆಂಟು ಹೋಯಿತು. ಮಂತ್ರಿಮಂಡಲಕ್ಕೆ ತಿಳಿದದ್ದು ಮರುದಿನ ಬೆಳಿಗ್ಗೆ ಆರು ಗಂಟೆಗೆ. ಜನರಿಗೆ ತಿಳಿದದ್ದು ರೇಡಿಯೋದಲ್ಲಿ.

ಕೂಗಿದವರು

ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ವಿಚಾರಣೆ ಮಾಡಿದ ಷಾ ಆಯೋಗದ ಲೆಕ್ಕದಂತೆ ಆ ಅವಧಿಯಲ್ಲಿ ಮೀಸಾ ಕಾಯಿದೆಯಲ್ಲಿ ಬಂಧಿತರಾದವರು ಸುಮಾರು 35,000. ಡಿ.ಐ.ಆರ್. ಎಂಬ ಭಾರತ ರಕ್ಷಣಾ ನಿಯಮಗಳಲ್ಲಿ ಸಿಕ್ಕಿಕೊಂಡವರು ಸುಮಾರು 75,000. ಎರಡೂ ಸೇರಿ 1 ಲಕ್ಷ 10 ಸಾವಿರ. 60 ಕೋಟಿಗೆ ಭಾಗಿಸಿ ನೋಡಿ, ಸುಮಾರು 5,500 ಜನರಿಗೆ ಒಬ್ಬರು. ಅವರೆಲ್ಲರೂ ರಾಜಕೀಯದವರಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮಾಜವಾದಿಗಳು, ಜನಸಂಘ ಮತ್ತು ಸಂಘದವರು, ಸರ್ವೋದಯದವರು, ಮಾರ್ಕ್ಸ್‌ವಾದಿಗಳು, ಪಂಜಾಬಿನಲ್ಲಿ ಅಕಾಲಿಗಳು — ಹೊರಗೆ ಪರಸ್ಪರ ಮುಖ ನೋಡದವರು ಒಳಗೆ ಒಂದೇ ಬ್ಯಾರಕ್ಕಿನಲ್ಲಿ ಕೂತರು.

ಬೆಂಗಳೂರಿಗೆ ಇದರಲ್ಲಿ ದೊಡ್ಡ ಪಾಲಿದೆ. ಸಂಸತ್ತಿನ ಸಮಿತಿಯೊಂದರ ಕೆಲಸಕ್ಕೆ ಅಲ್ಲಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ — ನಾಲ್ವರನ್ನೂ ಜೂನ್ 26ರಂದು ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಅದೇ ಜೈಲಿಗೆ 1976ರಲ್ಲಿ ಸ್ನೇಹಲತಾ ರೆಡ್ಡಿ ಹೋದರು. ‘ಸಂಸ್ಕಾರ’ ಸಿನಿಮಾದ ಚಂದ್ರಿ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಅವರಿಗೆ ಅಸ್ತಮಾ ಇತ್ತು. ಕೋರ್ಟಿನಲ್ಲಿ ಒಂದು ಆರೋಪವೂ ಸಾಬೀತಾಗದೆ ತಿಂಗಳುಗಟ್ಟಲೆ ಕೂಡಿಹಾಕಿ, ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿಯಲ್ಲಿ ಬಿಟ್ಟರು. ಅದೇ ತಿಂಗಳು ತೀರಿಕೊಂಡರು. ಜಾರ್ಜ್ ಫರ್ನಾಂಡಿಸರು ಭೂಗತರಾಗಿದ್ದಾಗ ಅವರ ಸುಳಿವಿಗಾಗಿ ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಪೊಲೀಸರು ಚಿತ್ರಹಿಂಸೆಗೆ ಗುರಿಮಾಡಿದರು.

ಜೈಲಿಗೆ ಹೋಗದೆಯೂ ಕೂಗಿದವರಿದ್ದಾರೆ. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂತಿರುಗಿಸಿದರು. 1975ರ ಡಿಸೆಂಬರಿನಲ್ಲಿ ಕರಾಡದಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ ದುರ್ಗಾ ಭಾಗವತರು, ಕೇಂದ್ರ ಮಂತ್ರಿ ಯಶವಂತರಾವ್ ಚವ್ಹಾಣರ ಎದುರಿಗೇ, ಕಾಯಿಲೆ ಬಿದ್ದಿದ್ದ ಜೆ.ಪಿ.ಯವರ ಆರೋಗ್ಯಕ್ಕಾಗಿ ಪ್ರಾರ್ಥಿಸೋಣ ಎಂದರು. ಪ್ರಾರ್ಥನೆಯನ್ನು ಯಾವ ಸೆನ್ಸಾರು ತಡೆಯುತ್ತಾನೆ? ಆದರೆ ಅರ್ಥ ಎಲ್ಲರಿಗೂ ಆಯಿತು. ಮುಂದೆ ಅವರನ್ನೂ ಬಂಧಿಸಿದರು. ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ನಮ್ಮ ಊರಿನ ಟೈಮ್ಸ್ ಆಫ್ ಇಂಡಿಯಾದಲ್ಲಿ ಜೂನ್ ಕೊನೆಗೆ ಒಂದು ಮರಣವಾರ್ತೆ ಬಂತು. ಹೆಸರುಗಳನ್ನು ಕೂಡಿಸಿ ಓದಿದರೆ ಸತ್ತದ್ದು ಪ್ರಜಾಪ್ರಭುತ್ವ, ದುಃಖತಪ್ತರು ಸತ್ಯ ಮತ್ತು ಸ್ವಾತಂತ್ರ್ಯ. ವರ್ಗೀಕೃತ ಜಾಹೀರಾತಾದ್ದರಿಂದ ಸೆನ್ಸಾರಿನ ಕಣ್ಣು ತಪ್ಪಿತು. ಮುಂಬಯಿಯಲ್ಲೇ ಮೀನೂ ಮಸಾನಿಯವರು ತಮ್ಮ ‘ಫ್ರೀಡಂ ಫಸ್ಟ್’ ಪತ್ರಿಕೆಯ ಲೇಖನಗಳಿಗೆ ಸೆನ್ಸಾರು ಕತ್ತರಿ ಹಾಕಿದ್ದನ್ನು ಹೈಕೋರ್ಟಿಗೆ ಒಯ್ದರು, 1976ರಲ್ಲಿ ಗೆದ್ದರು.

ಇನ್ನು ಭೂಗತ ಹಾಳೆಗಳು. ರಾತ್ರಿ ಹೊತ್ತು ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಮಾಡಿ, ಕೈಯಿಂದ ಕೈಗೆ ದಾಟಿಸಿದವು. ನೀವು ಈಗ ಹಿಡಿದಿರುವ ಈ ಸಂಚಿಕೆಯ ದಾಯಾದಿಗಳು ಎನ್ನಬಹುದು. ಆಗ ಅಂಥ ಒಂದು ಹಾಳೆ ಜೇಬಿನಲ್ಲಿ ಸಿಕ್ಕರೂ ಸಾಕಿತ್ತು, ಒಳಗೆ.

ಸುಮ್ಮನಿದ್ದವರು

ಉಳಿದ 59 ಕೋಟಿ ಚಿಲ್ಲರೆ ಜನ? ಅವರ ಮೌನವನ್ನು ನಾನು ಒಂದೇ ಖಾತೆಗೆ ಬರೆಯಲಾರೆ. ಬೇರೆ ಬೇರೆ ಖಾತೆ ತೆರೆಯಬೇಕು.

ಮೊದಲನೆಯದು ಭಯದ ಮೌನ. ಮೀಸಾದಲ್ಲಿ ಹಿಡಿದವರಿಗೆ ಕಾರಣ ಹೇಳಬೇಕಾಗಿರಲಿಲ್ಲ. ಕೋರ್ಟಿಗೆ ಹೋಗೋಣವೆಂದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಹೇಬಿಯಸ್ ಕಾರ್ಪಸ್ ಕೇಳುವ ಹಕ್ಕೇ ಇಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದಿನ ಜನವರಿಯಲ್ಲಿ ಅವರ ಹಿರಿತನ ದಾಟಿಸಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಖನ್ನಾ ರಾಜೀನಾಮೆ ಕೊಟ್ಟರು. ನ್ಯಾಯಮೂರ್ತಿಗಳ ಗತಿಯೇ ಹೀಗಾದರೆ ಚಾಳಿನ ಖೋಲಿಯಲ್ಲಿರುವ ಮನುಷ್ಯನಿಗೆ ಯಾವ ಧೈರ್ಯ?

ಎರಡನೆಯದು ತಿಳಿಯದವರ ಮೌನ. ಪತ್ರಿಕೆಯಲ್ಲಿ ಬರಲಿಲ್ಲ, ರೇಡಿಯೋ ಸರಕಾರದ್ದು. ಪಕ್ಕದ ಊರಿನಲ್ಲಿ ಏನಾಯಿತೆಂದು ಗೊತ್ತಿಲ್ಲದವನು ಯಾವುದನ್ನು ವಿರೋಧಿಸುತ್ತಾನೆ?

ಮೂರನೆಯದು ಲಾಭದ ಮೌನ, ಅಥವಾ ನೆಮ್ಮದಿಯ ಮೌನ ಅನ್ನಿ. ಲೋಕಲ್ ಗಾಡಿ ಹೊತ್ತಿಗೆ ಸರಿಯಾಗಿ ಬಂತು, ಗುಮಾಸ್ತರು ಹತ್ತಕ್ಕೆ ಮೇಜಿನ ಹಿಂದೆ ಕೂತರು ಎಂದು ಆ ಕಾಲದವರು ಇಂದಿಗೂ ಹೇಳುತ್ತಾರೆ. 1974ರಲ್ಲಿ ಹಿಗ್ಗಾಮುಗ್ಗಾ ಏರಿದ್ದ ಬೆಲೆಗಳು 1975–76ರಲ್ಲಿ ಇಳಿದದ್ದೂ ನಿಜ. ಇದಕ್ಕೆ 1975ರ ಒಳ್ಳೆಯ ಮಳೆಯೂ ಒಂದು ದೊಡ್ಡ ಕಾರಣ, ಆದರೆ ಮಳೆಯ ಜಮೆಯೂ ಸರಕಾರದ ಖಾತೆಗೇ ಹೋಯಿತು. ಮುಷ್ಕರ ನಿಂತದ್ದರಿಂದ ಮಾಲಕರಿಗೆ ಸಂತೋಷ. ಖರ್ಚಿನ ಬದಿ ಮಾತ್ರ ಕಾರ್ಮಿಕನ ಹೆಸರಿನಲ್ಲಿತ್ತು: 1975ರ ಸೆಪ್ಟೆಂಬರಿನ ಸುಗ್ರೀವಾಜ್ಞೆಯಿಂದ ಕನಿಷ್ಠ ಬೋನಸ್ ಶೇಕಡಾ 8.33ರಿಂದ 4ಕ್ಕೆ ಇಳಿಯಿತು. ಕೇಳಬೇಕಾದ ಯೂನಿಯನ್ ನಾಯಕರಲ್ಲಿ ಎಷ್ಟೋ ಮಂದಿ ಜೈಲಿನಲ್ಲಿ.

ನಾಲ್ಕನೆಯದು ದಣಿದವರ ಮೌನ. ರಾಮ ಆಳಿದರೇನು, ರಾವಣ ಆಳಿದರೇನು, ರಾಗಿ ಬೀಸುವುದು ತಪ್ಪೀತೇ ಎಂಬ ಗಾದೆ ಇದೆಯಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಧ್ಯರಾತ್ರಿಗೆ ಅದೇ ಹೋಟೆಲಿನ ಮೇಜುಗಳ ಮೇಲೆ ಮಲಗುವ ಹುಡುಗನಿಗೆ ಜೂನ್ 25ರಂದು ಕಳೆದುಹೋದದ್ದು ಏನು? ವಾಕ್ ಸ್ವಾತಂತ್ರ್ಯವೇ? ಅದನ್ನು ಬಳಸುವ ಬಿಡುವು ಅವನಿಗೆ 24ರಂದೂ ಇರಲಿಲ್ಲ. ಇದನ್ನು ಉದಾಸೀನ ಎಂದು ಬೈಯುವುದು ಹೊಟ್ಟೆ ತುಂಬಿದವರ ಮಾತು.

ಐದನೆಯದು ನಮ್ಮದು, ಹೊರನಾಡಿಗರ ಮೌನ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಈ ಊರಿನ ದಕ್ಷಿಣದವರು ಏನು ಅನುಭವಿಸಿದರೆಂದು ಹಳಬರು ಹೇಳುತ್ತಾರೆ. ಉಡುಪಿ ಹೋಟೆಲುಗಳ ಮೇಲೆ ಕಲ್ಲು, ಬೋರ್ಡುಗಳಿಗೆ ಡಾಂಬರು. ಆ ಪಾಠ ಎಲುಬಿಗೆ ಇಳಿದಿತ್ತು: ಪರವೂರಿನಲ್ಲಿ ತಲೆ ತಗ್ಗಿಸಿ ದುಡಿ, ಊರ ಉಸಾಬರಿ ಬೇಡ. ತುರ್ತು ಪರಿಸ್ಥಿತಿ ಬಂದಾಗ ಶಿವಸೇನೆ ಅದನ್ನು ಬೆಂಬಲಿಸಿತು. ಬೀದಿಯಲ್ಲಿ ಹೆದರಿಸಬಲ್ಲವರೂ ದಿಲ್ಲಿಯಲ್ಲಿ ಆಳುವವರೂ ಒಂದೇ ಕಡೆ ನಿಂತಾಗ, ರೇಶನ್ ಕಾರ್ಡು ಮಾತ್ರ ಆಸ್ತಿಯಾಗಿರುವವನು ಯಾವ ಬಾಯಿಂದ ಮಾತಾಡಬೇಕು?

ಒಂದೇ ಮನೆಯ ಎರಡು ಖಾತೆ

ಇದೆಲ್ಲ ನನಗೆ ಪುಸ್ತಕಕ್ಕಿಂತ ಮೊದಲು ಗೊತ್ತಾದದ್ದು ನಮ್ಮ ಮನೆಯ ಜಗಳದಿಂದ. ನನ್ನ ಅಜ್ಜ ಕಾರ್ಕಳದ ಕಡೆಯ ಹಳ್ಳಿಯಲ್ಲಿ ಚಾಲಗೇಣಿ ಒಕ್ಕಲು. ಬೆಳೆದದ್ದರಲ್ಲಿ ಧಣಿಯ ಗೇಣಿ ಅಳೆದು ಉಳಿದರೆ ತನಗೆ. ದೇವರಾಜ ಅರಸರ ಸರಕಾರದ ಭೂಸುಧಾರಣೆಯ ಕಾಯಿದೆ 1974ರ ಮಾರ್ಚಿಯಲ್ಲಿ ಜಾರಿಗೆ ಬಂತು. ಉಳುವವನೇ ಒಡೆಯ. ಏಳನೇ ನಂಬ್ರದ ಫಾರ್ಮು ತುಂಬಿ ಡಿಕ್ಲರೇಶನ್ ಕೊಡಬೇಕು, ಟ್ರಿಬ್ಯೂನಲ್ ವಿಚಾರಣೆ ಮಾಡಿ ಕೊಡುತ್ತದೆ. ಅಜ್ಜ ಹೆದರಿ ಹೆದರಿ ಡಿಕ್ಲರೇಶನ್ ಕೊಟ್ಟರು. ಎರಡು ವರ್ಷದ ಮೇಲೆ ಗದ್ದೆ ಅವರದಾಯಿತು.

ಅಜ್ಜನ ತಮ್ಮ, ನಾವು ಸಣ್ಣಜ್ಜ ಎನ್ನುವವರು, ಹನ್ನೆರಡರ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಾನು ಚಿಕ್ಕವನಿದ್ದಾಗ ಚೌತಿಗೆ ಊರಿಗೆ ಹೋದರೆ ಇವರಿಬ್ಬರ ಜಗಳ ಖಾಯಂ. ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಣ್ಣಾ, ನಿನ್ನ ಆ ಅಮ್ಮ ನನ್ನ ಬೋನಸ್ಸಿನ ಅರ್ಧ ಕತ್ತರಿಸಿದಳು. ಯಾಕೆ ಅಂತ ಕೇಳಿದವರು ಒಳಗೆ ಹೋದರು” ಎಂದು ಸಣ್ಣಜ್ಜ ಶುರು ಮಾಡುತ್ತಿದ್ದರು.

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ, “ನಿನಗೆ ಹೋದದ್ದು ಅರ್ಧ ಬೋನಸ್ಸು. ನನಗೆ ಹೋದದ್ದು ಧಣಿಯ ಅಂಗಳದಲ್ಲಿ ಬಗ್ಗಿ ನಿಲ್ಲುವುದು. ನೀನು ಗುಮಾಸ್ತ ಅಲ್ವಾ, ಯಾವುದು ದೊಡ್ಡದು, ನೀನೇ ಲೆಕ್ಕ ಹಾಕು” ಎನ್ನುತ್ತಿದ್ದರು.

“ಆ ಕಾನೂನು ಎಮರ್ಜೆನ್ಸಿಗೆ ಮೊದಲೇ ಬಂದದ್ದು ಮಾರಾಯ. ಅದಕ್ಕೂ ಇದಕ್ಕೂ ಏನು ಸಂಬಂಧ?”

“ಕಾನೂನು ಬಂದದ್ದು ಮೊದಲೇ. ಧಣಿಗಳು ಬಾಯಿ ಮುಚ್ಚಿದ್ದು ಆಮೇಲೆ.”

ಅಜ್ಜ ಈಗಿಲ್ಲ. ಸಣ್ಣಜ್ಜನಿಗೆ ಎಂಬತ್ತು ದಾಟಿದೆ. ನನಗೆ ಅನಿಸುವುದು, ತಾರೀಖಿನ ಮಟ್ಟಿಗೆ ಸಣ್ಣಜ್ಜ ಸರಿ. ಭೂಸುಧಾರಣೆ ರಾಜ್ಯದ ಶಾಸನಸಭೆ ಮಾಡಿದ ಕಾಯಿದೆ, ಅದಕ್ಕೆ ಯಾರನ್ನೂ ಕಾರಣ ಹೇಳದೆ ಜೈಲಿಗೆ ಹಾಕುವ ಅಗತ್ಯ ಇರಲಿಲ್ಲ. ಆದರೆ ಅಜ್ಜನ ಮಾತಿನಲ್ಲಿ ಇರುವುದು ತಾರೀಖಲ್ಲ. ಅವರ ಮಟ್ಟಿಗೆ ಹಳೆಯ ಸರ್ವಾಧಿಕಾರಿ ದಿಲ್ಲಿಯಲ್ಲಿರಲಿಲ್ಲ, ಗುಡ್ಡದ ಮೇಲಿನ ಮನೆಯಲ್ಲಿದ್ದ.

ಮುಖ್ಯ ವಿಷಯ ಇದು: ಆ 21 ತಿಂಗಳಲ್ಲಿ ಅಣ್ಣನೂ ಒಂದು ಮಾತಾಡಲಿಲ್ಲ, ತಮ್ಮನೂ ಆಡಲಿಲ್ಲ. ಹೊರಗಿನಿಂದ ನೋಡುವವನಿಗೆ ಇಬ್ಬರು ಸುಮ್ಮನಿದ್ದ ಮನುಷ್ಯರು. ಒಬ್ಬರದು ಋಣದ ಮೌನ, ಇನ್ನೊಬ್ಬರದು ಭಯದ ಮೌನ. ಮುಖ ನೋಡಿ ಬೇರೆ ಮಾಡಿ ಹೇಳಲು ಯಾರಿಗೆ ಸಾಧ್ಯ?

ಆಳುವವರ ಕಿವುಡು

ಆಳುವವರಿಗೂ ಸಾಧ್ಯವಾಗಲಿಲ್ಲ ಎಂಬುದೇ ಮುಂದಿನ ಕಥೆ. 1976ರಲ್ಲಿ ಉತ್ತರ ಭಾರತದಲ್ಲಿ ಗಾಳಿ ಬದಲಾಯಿತು. ಯಾವ ಅಧಿಕಾರದ ಹುದ್ದೆಯೂ ಇಲ್ಲದ ಮಗ ಸಂಜಯ ಗಾಂಧಿಯ ಮಾತು ಆಜ್ಞೆಯಾಯಿತು. ಏಪ್ರಿಲಿನಲ್ಲಿ ದಿಲ್ಲಿಯ ತುರ್ಕಮಾನ್ ಗೇಟಿನಲ್ಲಿ ಮನೆಗಳ ಮೇಲೆ ಬುಲ್‌ಡೋಜರ್ ಹರಿಯಿತು, ಗೋಲಿಬಾರು ನಡೆಯಿತು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ರಾಜ್ಯಗಳಿಗೆ, ಜಿಲ್ಲೆಗಳಿಗೆ, ಕೊನೆಗೆ ಶಾಲೆಯ ಮಾಸ್ತರರಿಗೂ ಟಾರ್ಗೆಟ್ ಬಂತು. 1976–77ರ ಒಂದೇ ವರ್ಷದಲ್ಲಿ ನಡೆದ ಶಸ್ತ್ರಚಿಕಿತ್ಸೆಗಳು 80 ಲಕ್ಷಕ್ಕೂ ಹೆಚ್ಚು, ಗುರಿಯ ಹತ್ತಿರ ಹತ್ತಿರ ಎರಡು ಪಟ್ಟು. ನಮ್ಮ ಮಹಾರಾಷ್ಟ್ರದ ಶಾಸನಸಭೆ ಕಡ್ಡಾಯದ ಮಸೂದೆಯನ್ನೇ ಪಾಸು ಮಾಡಿತ್ತು, ರಾಷ್ಟ್ರಪತಿಯ ಅಂಗೀಕಾರ ಸಿಗದೆ ಅದು ನಿಂತಿತು. ಕೋರ್ಟು, ಪತ್ರಿಕೆ, ಸಂಸತ್ತು ಇವೆಲ್ಲ ದೂರದವು ಎಂದುಕೊಂಡಿದ್ದವನ ಮನೆಯ ಬಾಗಿಲಿಗೇ ಈಗ ಜೀಪು ಬಂತು. ಕೇಳಲು ಕೋರ್ಟಿಲ್ಲ, ಬರೆಯಲು ಪತ್ರಿಕೆ ಇಲ್ಲ. ಆಗ ತಿಳಿಯಿತು ಅವು ಯಾಕೆ ಬೇಕೆಂದು.

ಆದರೂ ಮೇಲಿನವರಿಗೆ ಕೇಳಿಸಿದ್ದು ಮೌನವೇ. ಬ್ರಾಂಚ್ ಮ್ಯಾನೇಜರರು ಹೆದರಿ ಒಳ್ಳೆಯ ರಿಪೋರ್ಟು ಮಾತ್ರ ಕಳಿಸುವ ಕಂಪನಿಯನ್ನು ಊಹಿಸಿ. ಹೆಡ್ ಆಫೀಸಿನ ಪುಸ್ತಕದಲ್ಲಿ ಎಲ್ಲ ಲಾಭ. ಸೆನ್ಸಾರು ಜನರಿಗೆ ಸುದ್ದಿ ತಲುಪದಂತೆ ಮಾಡುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ಮೊದಲು ಕಿವುಡು ಮಾಡುವುದು ಆಳುವವರನ್ನು. 1977ರ ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. ಯಾಕೆ ಎಂಬುದರ ಬಗ್ಗೆ ಚರ್ಚೆ ಮುಗಿದಿಲ್ಲ. ಆಕೆಯ ಮನಸ್ಸು ನಿಜಕ್ಕೂ ಪ್ರಜಾಪ್ರಭುತ್ವದ್ದು ಎನ್ನುವವರಿದ್ದಾರೆ. ಗೆಲ್ಲುತ್ತೇನೆಂಬ ಭರವಸೆ ಇತ್ತು ಎನ್ನುವವರು ಹೆಚ್ಚು. ಮೌನಂ ಸಮ್ಮತಿ ಲಕ್ಷಣಂ ಎಂದು ದಿಲ್ಲಿಯಲ್ಲೂ ಯಾರೋ ಅಂದುಕೊಂಡಿರಬೇಕು.

ಮಾರ್ಚ್ 16ರಿಂದ 20ರವರೆಗೆ ಮತದಾನ. ಪರದೆಯ ಹಿಂದೆ ಯಾರೂ ನೋಡುವವರಿಲ್ಲ. ಕಾಂಗ್ರೆಸ್ಸಿನ 352 ಸ್ಥಾನ 154ಕ್ಕೆ ಇಳಿಯಿತು. ಉತ್ತರ ಪ್ರದೇಶದ 85ರಲ್ಲಿ ಒಂದೂ ಇಲ್ಲ, ಬಿಹಾರದ 54ರಲ್ಲಿ ಒಂದೂ ಇಲ್ಲ. ರಾಯ್‌ಬರೇಲಿಯಲ್ಲಿ ಪ್ರಧಾನಿಯೇ ರಾಜ್‌ನಾರಾಯಣರ ಎದುರು 55,000 ಮತಗಳಿಂದ ಸೋತರು. ಜಾರ್ಜ್ ಫರ್ನಾಂಡಿಸರು ಜೈಲಿನಲ್ಲಿ ಕೂತೇ ಬಿಹಾರದ ಮುಜಫ್ಫರಪುರದಿಂದ ಗೆದ್ದರು. ತುಟಿ ಎರಡು ಮಾಡದ ಮುಂಬಯಿ ತನ್ನ ಆರೂ ಸ್ಥಾನಗಳನ್ನು ವಿರೋಧ ಪಕ್ಷಗಳಿಗೆ ಕೊಟ್ಟಿತು. ಲಟ್ಟಣಿಗೆಯ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಇಬ್ಬರೂ ಲೋಕಸಭೆಗೆ ಹೋದರು. ಸಣ್ಣಜ್ಜ ಆ ದಿನ ಬೂತಿಗೆ ಹೋಗಿ ಬಂದು ಹೆಂಡತಿಗೂ ಹೇಳಲಿಲ್ಲವಂತೆ, ಫಲಿತಾಂಶ ಬರುವವರೆಗೆ.

ಆದರೆ ಲೆಕ್ಕ ಇಲ್ಲಿಗೆ ತಾಳೆಯಾಗುವುದಿಲ್ಲ. ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಆಂಧ್ರದಲ್ಲಿ 42ರಲ್ಲಿ 41. ದಕ್ಷಿಣದವರಿಗೆ ಸ್ವಾತಂತ್ರ್ಯದ ಬೆಲೆ ಗೊತ್ತಿಲ್ಲ ಎಂದು ಆಗ ಉತ್ತರದಲ್ಲಿ ಕೆಲವರು ಹೀಯಾಳಿಸಿದರಂತೆ. ಅದು ಅನ್ಯಾಯದ ಮಾತು. ಬಲಾತ್ಕಾರದ ಶಸ್ತ್ರಚಿಕಿತ್ಸೆ ದಕ್ಷಿಣದಲ್ಲಿ ಆ ಮಟ್ಟಕ್ಕೆ ಹೋಗಿರಲಿಲ್ಲ, ಕರ್ನಾಟಕದಲ್ಲಿ ನನ್ನ ಅಜ್ಜನಂಥ ಸಾವಿರಾರು ಒಕ್ಕಲುಗಳು ಹಸು-ಕರುವಿನ ಗುರುತಿಗೆ ಕಣ್ಣಿಗೊತ್ತಿಕೊಂಡು ಮುದ್ರೆ ಹಾಕಿದರು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಗಾಂಧಿ ಲೋಕಸಭೆಗೆ ಮರಳಿದ್ದು ನಮ್ಮವರ ಮತದಿಂದಲೇ. 1980ರಲ್ಲಿ ಇಡೀ ದೇಶವೇ 353 ಸ್ಥಾನ ಕೊಟ್ಟು ಕರೆತಂದಿತು. ಜನತಾದವರ ಕಚ್ಚಾಟ ಜನರಿಗೆ ಅಷ್ಟು ಸಾಕಾಗಿತ್ತು. ಜನ ಶಿಕ್ಷೆಯನ್ನೂ ಕೊಟ್ಟರು, ಕ್ಷಮೆಯನ್ನೂ ಕೊಟ್ಟರು, ಎರಡನ್ನೂ ಮತಪೆಟ್ಟಿಗೆಯಲ್ಲೇ ಕೊಟ್ಟರು.

ಉಳಿದದ್ದು ಏನು?

ಕಾನೂನಿನಲ್ಲಿ ಸ್ವಲ್ಪ ಉಳಿಯಿತು. 1978ರ 44ನೆಯ ತಿದ್ದುಪಡಿ ‘ಆಂತರಿಕ ಗಲಭೆ’ ಎಂಬ ಸಡಿಲ ಕಾರಣವನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬಿಗಿ ಮಾಡಿತು. ಮಂತ್ರಿಮಂಡಲ ಬರೆದುಕೊಡದೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ. ಜೀವದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ. 1976ರ ಆ ನಾಲ್ಕು ಜನರ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ ತಪ್ಪೆಂದು ತಳ್ಳಿಹಾಕಿದ್ದು 2017ರಲ್ಲಿ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಬ್ಬ ಖನ್ನಾ ಒಂಟಿಯಾಗಿ ಬರೆದಿಟ್ಟದ್ದು 41 ವರ್ಷದ ಮೇಲೆ ದೇಶದ ಕಾನೂನಾಯಿತು.

ನನ್ನ ತಿಳುವಳಿಕೆಗೆ ಬಂದದ್ದು ಇಷ್ಟು. ಮೌನ ಸಮ್ಮತಿಯಲ್ಲ, ಆದರೆ ಅದು ವಿರೋಧವೂ ಅಲ್ಲ. ಆಡಿಟಿಂಗಿನಲ್ಲಿ ನಮಗೆ ಮೊದಲು ಕಲಿಸುವುದು, ವೋಚರ್ ಇಲ್ಲದ ಎಂಟ್ರಿಯನ್ನು ಒಪ್ಪಬೇಡಿ ಎಂದು. ಮೌನ ಎಂದರೆ ವೋಚರ್ ಇಲ್ಲದ ಎಂಟ್ರಿ. ಆಳುವವರು ಅದನ್ನು ತಮ್ಮ ಜಮೆಗೆ ಬರೆದುಕೊಳ್ಳುತ್ತಾರೆ, ಐವತ್ತು ವರ್ಷದ ಮೇಲೆ ವಿರೋಧಿಗಳೂ ಅದನ್ನೇ ತಮ್ಮ ಜಮೆಗೆ ಬರೆದುಕೊಳ್ಳುತ್ತಾರೆ. ಕೂಗಿದ ಆ ಕೆಲವರು ಸರಕಾರವನ್ನು ಉರುಳಿಸಲಿಲ್ಲ. ಉರುಳಿಸಿದ್ದು ಸುಮ್ಮನಿದ್ದವರ ಮತ. ಹಾಗಾದರೆ ಕೂಗಿದವರ ಕೆಲಸ ಏನು? ಅವರು ವೋಚರ್ ಬರೆದಿಟ್ಟರು. ಕಾರಂತರ ಒಂದು ಪತ್ರ, ದುರ್ಗಾ ಭಾಗವತರ ಒಂದು ಪ್ರಾರ್ಥನೆ, ಖಾಲಿ ಬಿಟ್ಟ ಒಂದು ಕಾಲಂ ಇಲ್ಲದಿದ್ದರೆ, ಮತ ಹಾಕಲು ಹೋದವನಿಗೆ ತನ್ನಂತೆ ಯೋಚಿಸುವವರು ಇನ್ನೂ ಇದ್ದಾರೆ ಎಂದು ಹೇಗೆ ಗೊತ್ತಾಗಬೇಕಿತ್ತು?

ಮತಪೆಟ್ಟಿಗೆ ಐದು ವರ್ಷಕ್ಕೊಮ್ಮೆ. ಆಗಿನಂತೆ ಅದನ್ನು ಮುಂದೆ ಹಾಕಲೂ ಬಹುದು. ನಡುವಿನ ದಿನಗಳಲ್ಲಿ ಎಲ್ಲರೂ ಜೈಲಿಗೆ ಹೋಗಬೇಕೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಒಬ್ಬನ ಸಂಬಳದ ಮೇಲೆ ಏಳು ಜನ ಇರುವವನಿಗೆ ಆ ಉಪದೇಶ ಮಾಡಲು ನನಗೆ ಅರ್ಹತೆ ಇಲ್ಲ. ಆದರೆ ಮೆಸ್ ಬಿಲ್ಲು ಏರಿದಾಗ, ಫೀ ಏರಿದಾಗ, ನಮ್ಮ ಓಣಿಯ ನಲ್ಲಿಯಲ್ಲಿ ನೀರು ಬರದಿದ್ದಾಗ ಬರೆದು ಸಹಿ ಹಾಕಿ ಕೊಡುವ ಅಭ್ಯಾಸ ಇರುವವನಿಗೆ ದೊಡ್ಡ ಹೊತ್ತು ಬಂದಾಗ ಪೆನ್ನು ಹಿಡಿಯಲು ಕೈ ನಡುಗುವುದು ಕಡಿಮೆ.

ಕೊನೆಗೆ ಓದುಗ ಮಿತ್ರರಲ್ಲಿ ಒಂದು ವಿನಂತಿ. ಆ 21 ತಿಂಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ, ಬಹಳ ವರ್ಷ ಇರುವುದಿಲ್ಲ. ನಿಮ್ಮ ಅಜ್ಜ ಅಜ್ಜಿಯನ್ನು, ಚಾಳಿನ ಹಿರಿಯರನ್ನು, ಹೋಟೆಲಿನ ಗಲ್ಲೆಯಲ್ಲಿ ಕೂರುವ ಮಾಮನನ್ನು ಕೇಳಿ. “ಆಗ ನೀವು ಯಾಕೆ ಸುಮ್ಮನಿದ್ದಿರಿ?” ಎಂದು ಆಪಾದನೆಯ ದನಿಯಲ್ಲಿ ಬೇಡ. “ಆಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?” ಎಂದು ಕೇಳಿ. ಕೇಳಿದ್ದನ್ನು ಅರ್ಧ ಹಾಳೆಯಲ್ಲಾದರೂ ಬರೆದು ನಮ್ಮ ಸಂಘಕ್ಕೆ ಕೊಡಿ. ಸ್ಟೆನ್ಸಿಲ್ ಕೊರೆಯುವ ಕೆಲಸ ನನ್ನದು.